ಅಟ್ಟದ ಮೇಲಿನ ಫ್ಲಾಪಿ ಲಿನಕ್ಸ್‌ನಲ್ಲಿ ತೆರೆಯದಿದ್ದರೆ

ಹಿರೇಗುತ್ತಿ, ಮಿರ್ಜಾನ, ಕುಮಟಾ, ಹೊನ್ನಾವರ, ಭಟ್ಕಳ. ಕರಾವಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಗುಂಟ ಇರುವ ಈ ಊರುಗಳಲ್ಲೂ, ರಾಜ್ಯದ ಉಳಿದೆಡೆಯಂತೆ, ಒಂದು ಕಾಲಕ್ಕೆ ಕನ್ನಡ ಬರವಣಿಗೆ ಡಿಟಿಪಿ ಅಂಗಡಿಯಿಂದ ಮುದ್ರಣಾಲಯಕ್ಕೆ ಹೋಗುತ್ತಿದ್ದದ್ದು ಫ್ಲಾಪಿ ಡಿಸ್ಕಿನಲ್ಲಿ. ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಬೆರಳಚ್ಚು ಪ್ರತಿ, ಸಹಕಾರಿ ಸಂಘದ ಲೆಕ್ಕ, ಹಿರಿಯರೊಬ್ಬರ ಆತ್ಮಕಥೆಯ ಕರಡು ಎಲ್ಲವೂ 1.44 ಎಂಬಿಯ ಆ ಚೌಕದಲ್ಲಿ ಕೂತವು. ಅಚ್ಚಾದ ಪುಸ್ತಕ ಉಳಿದಿರಬಹುದು. ಅಚ್ಚಾಗದೆ ನಿಂತ ಬರಹಕ್ಕೆ ಮಾತ್ರ ಆ ಫ್ಲಾಪಿಯೇ ಏಕೈಕ ಪ್ರತಿ.

ಸೋನಿ ಕಂಪನಿ ಜಪಾನಿನಲ್ಲಿ ಮೂರೂವರೆ ಇಂಚಿನ ಫ್ಲಾಪಿ ಮಾರಾಟವನ್ನು 2011ರ ಮಾರ್ಚ್‌ನಲ್ಲಿ ನಿಲ್ಲಿಸಿತು. ನಮ್ಮ ಮನೆಗಳಲ್ಲಿರುವ ಡಿಸ್ಕುಗಳು ಅದಕ್ಕಿಂತಲೂ ಎಷ್ಟೋ ಹಳೆಯವು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಈ ಕರಾವಳಿಯಲ್ಲಿ ಅವು ಬಾಳುವುದು ಇನ್ನೂ ಕಡಿಮೆ. ಆದ್ದರಿಂದ ಈ ಲೇಖನದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಫ್ಲಾಪಿ ಮೌಂಟ್ ಆಗದಿದ್ದಾಗ, ಅಂದರೆ ಅದರ ಕಡತಗಳು ತೆರೆದುಕೊಳ್ಳದಿದ್ದಾಗ, ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸಬೇಡಿ. ಬಂದ ದೋಷದ ಸಂದೇಶವನ್ನು ಓದಿ, ಡಿಸ್ಕಿನ ಪೂರ್ಣ ಪಡಿಯಚ್ಚನ್ನು ಒಮ್ಮೆ ತೆಗೆದುಕೊಳ್ಳಿ, ಮುಂದಿನ ಎಲ್ಲ ಕೆಲಸವನ್ನೂ ಆ ಪಡಿಯಚ್ಚಿನ ಮೇಲೆ ಮಾಡಿ.

ಈ ಕೆಲಸಕ್ಕೆ ಲಿನಕ್ಸ್ ಒಳ್ಳೆಯ ಆಯ್ಕೆ. ಡಿಸ್ಕ್ ಅರ್ಥವಾಗದಿದ್ದರೆ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ; ಅಲ್ಲಿ ಕೈತಪ್ಪಿ ಒಪ್ಪಿಗೆ ಕೊಟ್ಟರೆ ಇದ್ದದ್ದೂ ಹೋಗುತ್ತದೆ. ಲಿನಕ್ಸ್ ಆ ಪ್ರಶ್ನೆ ಕೇಳದೆ ಏನು ತಪ್ಪಾಗಿದೆ ಎಂಬುದನ್ನು ಹೇಳುತ್ತದೆ. ಬೇಕಾದ ಸಲಕರಣೆಗಳೆಲ್ಲ ಉಚಿತ. ಕೆಳಗಿನ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಡ್ರೈವಿಗೆ ಹಾಕುವ ಮೊದಲು

ಮೊದಲು ಬರವಣಿಗೆಗೆ ಬೀಗ ಹಾಕಿ. ಮೂರೂವರೆ ಇಂಚಿನ ಡಿಸ್ಕಿನ ಒಂದು ಮೂಲೆಯಲ್ಲಿ ಜಾರುವ ಪುಟ್ಟ ಬಿಲ್ಲೆ ಇರುತ್ತದೆ. ಅದನ್ನು ಸರಿಸಿ ತೂತು ತೆರೆದುಕೊಳ್ಳುವಂತೆ ಮಾಡಿದರೆ ಡಿಸ್ಕಿನ ಮೇಲೆ ಯಾರೂ ಏನನ್ನೂ ಬರೆಯಲಾಗದು. ಐದೂಕಾಲು ಇಂಚಿನ ಹಳೆಯ ಡಿಸ್ಕಾದರೆ ಕ್ರಮ ತಿರುಗುಮುರುಗು: ಅಂಚಿನ ಕಚ್ಚನ್ನು ಕಾಗದದ ಪಟ್ಟಿ ಅಂಟಿಸಿ ಮುಚ್ಚಬೇಕು.

ಆಮೇಲೆ ಲೋಹದ ಮುಚ್ಚಳವನ್ನು ಬೆರಳಿನಿಂದ ಸರಿಸಿ ಒಳಗಿನ ಕಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲ್ಮೈ ಒಂದೇ ಸಮನೆ ನುಣುಪಾಗಿರಬೇಕು. ಬಿಳಿ ಎಳೆ, ಮಂಕು ಚುಕ್ಕೆ, ಮೋಡದಂಥ ಕಲೆ ಕಂಡರೆ ಅದು ಬೂಷ್ಟು. ಅಂಥ ಡಿಸ್ಕನ್ನು ಹಾಗೆಯೇ ಡ್ರೈವಿಗೆ ತುರುಕಬೇಡಿ. ಓದುವ ಹೆಡ್ ಹಾಳೆಗೆ ತಾಗಿಯೇ ಓಡುತ್ತದೆ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡರೆ ಈ ಡಿಸ್ಕನ್ನು ಗೀರುವುದಲ್ಲದೆ ಮುಂದೆ ಹಾಕುವ ಒಳ್ಳೆಯ ಡಿಸ್ಕನ್ನೂ ಕೆಡಿಸುತ್ತದೆ. ಎಳೆ ಬಿಡದ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿ, ಹಿಂಬದಿಯ ಲೋಹದ ಗುಂಬವನ್ನು ನಿಧಾನವಾಗಿ ತಿರುಗಿಸುತ್ತ ಎರಡೂ ಬದಿಯನ್ನು ಒರೆಸಿ. ಪೂರ್ತಿ ಒಣಗಿದ ಮೇಲಷ್ಟೇ ಡ್ರೈವಿಗೆ ಹಾಕಿ. ಒಂದೆರಡು ಕಲೆ ಬಿದ್ದ ಡಿಸ್ಕುಗಳನ್ನು ಓದಿದ ಮೇಲೆ ಡ್ರೈವಿನ ಹೆಡ್ಡನ್ನೂ ಹೀಗೆಯೇ ಒರೆಸಬೇಕು. ಮುಚ್ಚಳ ತುಕ್ಕು ಹಿಡಿದು ಬಾಗಿದ್ದರೆ ಅದನ್ನು ಎಚ್ಚರದಿಂದ ಕಳಚಿ ತೆಗೆದುಬಿಡಿ. ಓದಲು ಅದು ಬೇಕಿಲ್ಲ, ಡ್ರೈವಿನೊಳಗೆ ಸಿಕ್ಕಿಕೊಂಡರೆ ಮಾತ್ರ ದೊಡ್ಡ ತೊಂದರೆ.

ಡಿಸ್ಕುಗಳು ಹಲವು ಇದ್ದರೆ ಮುಖ್ಯವಲ್ಲದ ಒಂದನ್ನು ಮೊದಲು ಹಾಕಿ ಡ್ರೈವ್ ಸರಿಯಿದೆಯೇ ಎಂದು ಪರೀಕ್ಷಿಸಿ. ಏಕೈಕ ಪ್ರತಿಯಿರುವ ಡಿಸ್ಕಿನ ಮೇಲೆ ಡ್ರೈವಿನ ಪರೀಕ್ಷೆ ಬೇಡ.

ಡ್ರೈವ್ ಲಿನಕ್ಸ್‌ಗೆ ಕಾಣುತ್ತಿದೆಯೇ?

ಮೌಂಟ್ ದೋಷಕ್ಕೆ ಡಿಸ್ಕಷ್ಟೇ ಅಲ್ಲ, ಡ್ರೈವೂ ಕಾರಣವಾಗಿರಬಹುದು. ಡ್ರೈವ್‌ಗಳಲ್ಲಿ ಎರಡು ಬಗೆ.

ಹಳೆಯ ಕಂಪ್ಯೂಟರಿನೊಳಗೆ 34 ಪಿನ್ನಿನ ಪಟ್ಟಿ ಕೇಬಲ್ಲಿನಿಂದ ಜೋಡಿಸಿದ ಡ್ರೈವನ್ನು ಲಿನಕ್ಸ್ /ಡೆವ್/ಎಫ್‌ಡಿ0 ಎಂದು ಗುರುತಿಸುತ್ತದೆ. ಯುಎಸ್‌ಬಿ ಕೇಬಲ್ಲಿನ ಹೊರಗಿನ ಡ್ರೈವ್ ಹಾಗೆ ಕಾಣುವುದಿಲ್ಲ. ಅದು ಪೆನ್ ಡ್ರೈವ್‌ಗಳ ಸಾಲಿನಲ್ಲಿ /ಡೆವ್/ಎಸ್‌ಡಿಬಿ ಅಥವಾ ಎಸ್‌ಡಿಸಿ ಎಂಬ ಹೆಸರಿನಲ್ಲಿ ಬರುತ್ತದೆ. ಯುಎಸ್‌ಬಿ ಡ್ರೈವ್ ಇಟ್ಟುಕೊಂಡು ಎಫ್‌ಡಿ0 ಹುಡುಕುವವರಿಗೆ ಅದು ಎಂದೂ ಸಿಗದು.

ಯುಎಸ್‌ಬಿ ಡ್ರೈವಾದರೆ ಡಿಸ್ಕ್ ಹಾಕಿ, ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಡಿ. ಪಟ್ಟಿಯಲ್ಲಿ 1.4 ಎಂ ಗಾತ್ರದ ಸಾಧನವೇ ನಿಮ್ಮ ಫ್ಲಾಪಿ. ಗಾತ್ರ ನೋಡದೆ ಹೆಸರು ಊಹಿಸಬೇಡಿ, ಎಸ್‌ಡಿಎ ಎಂಬುದು ನಿಮ್ಮ ಹಾರ್ಡ್ ಡಿಸ್ಕ್ ಆಗಿರಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ಲಿನ ದಿನಚರಿಯನ್ನು ತೋರಿಸುವ ಆಜ್ಞೆ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರದ್ದು. ನಿರ್ವಾಹಕನ ಅಧಿಕಾರ ಕೊಡುವ ಸುಡೊ ಎಂಬ ಪದವನ್ನು ಮುಂದೆ ಸೇರಿಸಿ ಕೊಟ್ಟರೆ ಅದರ ಕೊನೆಯ ಸಾಲುಗಳಲ್ಲಿ 512 ಬೈಟಿನ 2880 ಬ್ಲಾಕ್ ಎಂಬ ಲೆಕ್ಕ ಕಾಣುತ್ತದೆ. ಹಾಗೆ ಕಂಡರೆ ಡ್ರೈವೂ ಸರಿ, ಡಿಸ್ಕಿನ ಗಾತ್ರವೂ ಸರಿಯಾಗಿ ಗೊತ್ತಾಗಿದೆ.

ಒಳಗಿನ ಡ್ರೈವಾದರೆ ಮೂರು ಕಡೆ ನೋಡಬೇಕು. ಒಂದು, ಬಯಾಸ್ ಸೆಟ್ಟಿಂಗ್‌ನಲ್ಲಿ ಫ್ಲಾಪಿ ಡ್ರೈವ್ ಎ ಎಂಬಲ್ಲಿ "ನನ್" ಎಂದಿದ್ದರೆ 1.44 ಎಂಬಿ ಎಂದು ಬದಲಿಸಿ. ಎರಡು, ಡ್ರೈವಿನ ದೀಪ ಕಂಪ್ಯೂಟರ್ ಹಚ್ಚಿದ ಕ್ಷಣದಿಂದ ಆರದೆ ಉರಿಯುತ್ತಿದ್ದರೆ ಕೇಬಲ್ ತಿರುವಾಗಿದೆ, ಕಳಚಿ ಸರಿಯಾಗಿ ಹಾಕಿ. ಮೂರು, ಇಂದಿನ ಹಲವು ಲಿನಕ್ಸ್ ವಿತರಣೆಗಳು ಫ್ಲಾಪಿ ಮಾಡ್ಯೂಲನ್ನು ತಾವಾಗಿ ಎಬ್ಬಿಸುವುದಿಲ್ಲ. ನಾವೇ ಎಬ್ಬಿಸಬೇಕು:

ಸುಡೊ ಮೋಡ್‌ಪ್ರೋಬ್ ಫ್ಲಾಪಿ

ಇದಾದ ಮೇಲೂ "ನೋ ಫ್ಲಾಪಿ ಕಂಟ್ರೋಲರ್ಸ್ ಫೌಂಡ್" ಎಂದು ದಿನಚರಿ ಹೇಳಿದರೆ, ಆ ಮದರ್‌ಬೋರ್ಡಿನಲ್ಲಿ ಫ್ಲಾಪಿ ನಿಯಂತ್ರಕ ಇಲ್ಲ ಅಥವಾ ಬಯಾಸ್‌ನಲ್ಲಿ ಅದನ್ನು ಮುಚ್ಚಲಾಗಿದೆ.

2019ರ ಜುಲೈನಲ್ಲಿ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ಈ ಮಾಡ್ಯೂಲನ್ನು, ಅಂದರೆ ಫ್ಲಾಪಿ ಡ್ರೈವರನ್ನು, ಪೋಷಕರಿಲ್ಲದ್ದು ಎಂದು ಗುರುತು ಹಾಕಿದರು, ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸ ಮಾಡುವ ಫ್ಲಾಪಿ ಯಂತ್ರವೇ ಉಳಿದಿರಲಿಲ್ಲ. ಬಳಿಕ ಡೆನಿಸ್ ಎಫ್ರೆಮೊವ್ ಅದರ ಹೊಣೆ ಹೊತ್ತರು. ಡ್ರೈವರ್ ಈಗಲೂ ಇದೆ. ಹಳೆಯ 32 ಬಿಟ್ ಕಂಪ್ಯೂಟರಿಗೆ ಹೊಸದಾಗಿ ಲಿನಕ್ಸ್ ಹಾಕುವವರು ಡೆಬಿಯನ್ 12 ಎಂಬ ವಿತರಣೆಯನ್ನು ಬಳಸಲಿ. 2025ರಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಅನುಸ್ಥಾಪಕವನ್ನು ಕೊಡುವುದಿಲ್ಲ.

ಸಂದೇಶ ಹೇಳುವುದೇನು?

ಮೌಂಟ್ ಮಾಡಲು ಕೊಡಬೇಕಾದ ಸರಳ ಆಜ್ಞೆ ಇದು. ಇಲ್ಲಿ ಆರ್‌ಓ ಎಂದರೆ ಓದಲು ಮಾತ್ರ:

ಸುಡೊ ಮೌಂಟ್ -ಓ ಆರ್‌ಓ /ಡೆವ್/ಎಫ್‌ಡಿ0 /ಎಂಎನ್‌ಟಿ

ಯುಎಸ್‌ಬಿ ಡ್ರೈವಿಗೆ ಎಫ್‌ಡಿ0 ಬದಲು ಎಸ್‌ಡಿಬಿ ಎಂದೋ, ನಿಮ್ಮಲ್ಲಿ ಕಂಡ ಹೆಸರೆಂದೋ ಬರೆಯಿರಿ. ದೋಷ ಬಂದರೆ ಅದು ಸಾಮಾನ್ಯವಾಗಿ ಕೆಳಗಿನವುಗಳಲ್ಲೊಂದು.

"ಸ್ಪೆಷಲ್ ಡಿವೈಸ್ ಡಸ್ ನಾಟ್ ಎಕ್ಸಿಸ್ಟ್": ನೀವು ಬರೆದ ಹೆಸರಿನ ಸಾಧನವೇ ಇಲ್ಲ. ಎಫ್‌ಡಿ0 ಆದರೆ ಮಾಡ್ಯೂಲ್ ಎದ್ದಿಲ್ಲ. ಎಸ್‌ಡಿಬಿ1 ಎಂದು ಬರೆದಿದ್ದರೆ ಕೊನೆಯ ಒಂದನ್ನು ತೆಗೆಯಿರಿ. ಪೆನ್ ಡ್ರೈವಿನಲ್ಲಿರುವಂತೆ ಫ್ಲಾಪಿಯಲ್ಲಿ ವಿಭಾಗಗಳಿಲ್ಲ, ಇಡೀ ಡಿಸ್ಕನ್ನೇ ಮೌಂಟ್ ಮಾಡಬೇಕು.

"ಮೌಂಟ್ ಪಾಯಿಂಟ್ ಡಸ್ ನಾಟ್ ಎಕ್ಸಿಸ್ಟ್": ಡಿಸ್ಕನ್ನು ತಂದು ಕೂರಿಸಬೇಕಾದ ಫೋಲ್ಡರ್ ಇಲ್ಲ. ಎಂಕೆಡಿಐಆರ್ ಆಜ್ಞೆಯಿಂದ ಅದನ್ನು ರಚಿಸಿ.

"ಮಸ್ಟ್ ಬಿ ಸೂಪರ್‌ಯೂಸರ್" ಅಥವಾ "ಕಾಂಟ್ ಫೈಂಡ್ ಇನ್ ಎಫ್‌ಎಸ್‌ಟ್ಯಾಬ್": ಅಧಿಕಾರದ ಪ್ರಶ್ನೆ. ಸುಡೊ ಬಳಸಿ, ಸಾಧನ ಮತ್ತು ಫೋಲ್ಡರ್ ಎರಡರ ಹೆಸರನ್ನೂ ಪೂರ್ತಿ ಕೊಡಿ. ಶಾಲೆ, ಗ್ರಂಥಾಲಯಗಳಲ್ಲಿ ಹಲವರು ಬಳಸುವ ಯಂತ್ರವಾದರೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಫ್ಲಾಪಿಗೊಂದು ಸಾಲು ಸೇರಿಸಿ, ಅದರಲ್ಲಿ ಯೂಸರ್, ನೋಆಟೋ, ಆರ್‌ಓ ಎಂಬ ಮೂರು ಆಯ್ಕೆ ಇರಲಿ. ಯೂಸರ್ ಇದ್ದರೆ ಸಾಮಾನ್ಯ ಬಳಕೆದಾರರೂ ಮೌಂಟ್ ಮಾಡಬಹುದು. ನೋಆಟೋ ಇದ್ದರೆ ಖಾಲಿ ಡ್ರೈವಿಗಾಗಿ ಕಂಪ್ಯೂಟರ್ ಏಳುವಾಗಲೇ ತಡವರಿಸುವುದಿಲ್ಲ.

"ನೋ ಮೀಡಿಯಂ ಫೌಂಡ್": ಡ್ರೈವಿದೆ, ಡಿಸ್ಕ್ ಸಿಕ್ಕಿಲ್ಲ. ಸರಿಯಾಗಿ ಕೂತಿಲ್ಲದಿರಬಹುದು. ತೆಗೆದು ಪುನಃ ಕ್ಲಿಕ್ ಎನ್ನುವವರೆಗೆ ಒತ್ತಿ.

"ರೈಟ್ ಪ್ರೊಟೆಕ್ಟೆಡ್, ಮೌಂಟೆಡ್ ರೀಡ್ ಓನ್ಲಿ": ಇದು ದೋಷವಲ್ಲ. ನೀವು ಹಾಕಿದ ಬೀಗ ಕೆಲಸ ಮಾಡುತ್ತಿದೆ.

"ಕೋಡ್‌ಪೇಜ್ ನಾಟ್ ಫೌಂಡ್", "ಐಓ ಚಾರ್‌ಸೆಟ್ ನಾಟ್ ಫೌಂಡ್" ಎಂಬ ಸಾಲು ಕರ್ನಲ್ಲಿನ ದಿನಚರಿಯಲ್ಲಿದ್ದರೆ ಡಿಸ್ಕ್ ಚೆನ್ನಾಗಿದೆ. ಕಡತದ ಹೆಸರುಗಳನ್ನು ಓದಲು ಬೇಕಾದ ಅಕ್ಷರಕೋಷ್ಟಕದ ಮಾಡ್ಯೂಲ್ ಕರ್ನಲ್ಲಿನಲ್ಲಿಲ್ಲ. ವಿತರಣೆಯ ಪೂರ್ಣ ಕರ್ನಲ್ ಪ್ಯಾಕೇಜ್ ಹಾಕಿದರೆ ಪರಿಹಾರವಾಗುತ್ತದೆ.

"ಟಾರ್ಗೆಟ್ ಈಸ್ ಬಿಝಿ": ಯುಮೌಂಟ್ ಮಾಡುವಾಗ ಬರುತ್ತದೆ (ಈ ಆಜ್ಞೆಯಲ್ಲಿ ಯು ಆದ ಮೇಲೆ ಎನ್ ಇಲ್ಲ). ಆ ಫೋಲ್ಡರಿನೊಳಗೆ ಯಾವುದೋ ಕಿಟಕಿ ಅಥವಾ ಟರ್ಮಿನಲ್ ತೆರೆದಿದೆ. ಹೊರಬಂದು ಮತ್ತೆ ಕೊಡಿ. ಯುಮೌಂಟ್ ಮಾಡದೆ ಗುಂಡಿ ಒತ್ತಿ ಡಿಸ್ಕ್ ತೆಗೆದು ಬೇರೊಂದನ್ನು ಹಾಕಿದರೆ ಹಳೆಯ ಡಿಸ್ಕಿನ ಪಟ್ಟಿಯೇ ಕಾಣುತ್ತಿರುತ್ತದೆ. ಹಲವು ಡಿಸ್ಕ್ ಓದುವವರು ಇದನ್ನು ಮರೆಯಬಾರದು.

ಇನ್ನುಳಿದ ಎರಡು ಸಂದೇಶಗಳಲ್ಲೇ ನಿಜವಾದ ಕಷ್ಟವಿದೆ.

"ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್" ಎಂದರೆ ಡಿಸ್ಕ್ ಸಿಕ್ಕಿದೆ, ಅದರ ಕಡತ ವ್ಯವಸ್ಥೆ ಗೊತ್ತಾಗಲಿಲ್ಲ. ಡಿಸ್ಕ್ ಫಾರ್ಮ್ಯಾಟ್ ಆಗದೇ ಇರಬಹುದು, ಮೊದಲ ಸೆಕ್ಟರ್ ಕೆಟ್ಟಿರಬಹುದು, ಮ್ಯಾಕಿಂಟಾಷ್‌ನಲ್ಲಿ ಬರೆದದ್ದಿರಬಹುದು. ಸುಡೊ ಫೈಲ್ -ಎಸ್ ಎಂಬ ಆಜ್ಞೆಗೆ ಸಾಧನದ ಹೆಸರು ಕೊಟ್ಟರೆ ಒಳಗಿರುವುದು ಯಾವ ಬಗೆಯದು ಎಂದು ಹೇಳುತ್ತದೆ. ಮ್ಯಾಕಿನ 1.44 ಎಂಬಿ ಡಿಸ್ಕನ್ನು ಎಚ್‌ಎಫ್‌ಎಸ್ ಎಂಬ ಬಗೆ ಸೂಚಿಸಿ ಮೌಂಟ್ ಮಾಡಬಹುದು. ಹಳೆಯ 800 ಕೆಬಿಯ ಮ್ಯಾಕ್ ಡಿಸ್ಕನ್ನು ಪಿಸಿಯ ಡ್ರೈವ್ ಓದಲಾರದು. ಕೆಲವರು ಕಡತ ವ್ಯವಸ್ಥೆಯೇ ಇಲ್ಲದೆ ಟಾರ್ ಕಟ್ಟನ್ನು ನೇರವಾಗಿ ಫ್ಲಾಪಿಗೆ ಬರೆದಿರುತ್ತಾರೆ. ಅದನ್ನು ಮೌಂಟ್ ಮಾಡಲಾಗದು, ಟಾರ್ ಆಜ್ಞೆಯಿಂದಲೇ ಬಿಚ್ಚಬೇಕು.

"ಐ/ಓ ಎರರ್, ಸೆಕ್ಟರ್ 0" ಎಂದರೆ ಮೊದಲ ಸೆಕ್ಟರನ್ನೇ ಓದಲಾಗಲಿಲ್ಲ. ಡಿಸ್ಕ್ ಸತ್ತಿತು ಎಂದುಕೊಳ್ಳುವ ಮೊದಲು ಸಾಂದ್ರತೆ ನೋಡಿ. 1.44 ಎಂಬಿ ಡಿಸ್ಕಿಗೆ ಬೀಗದ ಬಿಲ್ಲೆಯ ಎದುರು ಮೂಲೆಯಲ್ಲಿ ಇನ್ನೊಂದು ತೂತಿರುತ್ತದೆ. 720 ಕೆಬಿ ಡಿಸ್ಕಿಗೆ ಅದಿಲ್ಲ. ತೂತಿರುವ ಡಿಸ್ಕನ್ನು ಹಳೆಯ ಯಂತ್ರದಲ್ಲಿ ಯಾರಾದರೂ 720 ಕೆಬಿಗೆ ಫಾರ್ಮ್ಯಾಟ್ ಮಾಡಿದ್ದರೆ ಇಂದಿನ ಡ್ರೈವ್ ತೂತು ಕಂಡು ತಪ್ಪು ಲೆಕ್ಕದಲ್ಲಿ ಓದಲು ಹೊರಟು ಸೋಲುತ್ತದೆ. ಆ ತೂತಿನ ಎರಡೂ ಬದಿಗೆ ಬೆಳಕು ಹಾಯದ ಟೇಪ್ ಅಂಟಿಸಿದರೆ ಓದುವುದು ಸಾಧ್ಯ. ಒಳಗಿನ ಡ್ರೈವಾದರೆ ಎಫ್‌ಡಿಯುಟಿಲ್ಸ್ ಪ್ಯಾಕೇಜಿನಲ್ಲಿರುವ ಸಲಕರಣೆಗಳಿಂದ ಗಾತ್ರವನ್ನು ಕೈಯಾರೆ ಸೂಚಿಸಬಹುದು.

ಇನ್ನೊಂದು ಕಾರಣ ಡ್ರೈವಿನ ಹೆಡ್ಡಿನ ಸ್ಥಾನ. ಬರೆದ ಡ್ರೈವಿನ ಹೆಡ್ ತುಸು ಅತ್ತಿತ್ತ ಇದ್ದರೆ ಆ ಡಿಸ್ಕನ್ನು ಬೇರೆ ಡ್ರೈವ್ ಓದದು. ಒಂದು ಡ್ರೈವಿನಲ್ಲಿ ಸೋತ ಡಿಸ್ಕನ್ನು ಮತ್ತೊಂದರಲ್ಲಿ ಹಾಕಿ ನೋಡದೆ ಕೈಬಿಡಬಾರದು.

ಮೊದಲು ಪಡಿಯಚ್ಚು

1.44 ಎಂಬಿ ಡಿಸ್ಕಿನಲ್ಲಿ 80 ಟ್ರ್ಯಾಕ್, ಎರಡು ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 2,880 ಸೆಕ್ಟರ್, 14,74,560 ಬೈಟ್. ಇಡೀ ಡಿಸ್ಕನ್ನು ಇದ್ದ ಹಾಗೆ ಒಂದು ಕಡತವಾಗಿ ನಕಲು ಮಾಡಿಕೊಳ್ಳುವುದೇ ಪಡಿಯಚ್ಚು. ಚೆನ್ನಾಗಿರುವ ಡಿಸ್ಕಿಗೆ ಇದು ಒಂದು ನಿಮಿಷದ ಆಸುಪಾಸಿನ ಕೆಲಸ.

ಇದಕ್ಕೆ ಡಿಡಿರೆಸ್ಕ್ಯೂ ಎಂಬ ಸಲಕರಣೆಯೇ ಸರಿ. ಡೆಬಿಯನ್, ಉಬುಂಟುಗಳಲ್ಲಿ ಅದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಸಾಮಾನ್ಯ ನಕಲು ಮೊದಲ ಕೆಟ್ಟ ಸೆಕ್ಟರಿನಲ್ಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ:

ಸುಡೊ ಡಿಡಿರೆಸ್ಕ್ಯೂ /ಡೆವ್/ಎಫ್‌ಡಿ0 ಡಿಸ್ಕ್1.ಐಎಂಜಿ ಡಿಸ್ಕ್1.ಮ್ಯಾಪ್

ಕೊನೆಯ ಹೆಸರಿನ ನಕ್ಷೆ ಕಡತವನ್ನು ಅಳಿಸಬೇಡಿ. ಯಾವ ಸೆಕ್ಟರ್ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬ ಲೆಕ್ಕ ಅದರಲ್ಲಿದೆ. ಅದೇ ನಕ್ಷೆ, ಅದೇ ಪಡಿಯಚ್ಚಿನ ಹೆಸರು ಕೊಟ್ಟು ಬೇರೊಂದು ಡ್ರೈವಿನಲ್ಲಿ ಓಡಿಸಿದರೆ ಅದು ಉಳಿದ ಸೆಕ್ಟರ್‌ಗಳನ್ನಷ್ಟೇ ಹುಡುಕುತ್ತದೆ. ಕುಮಟಾದ ಗೆಳೆಯರ ಡ್ರೈವಿನಲ್ಲಿ ಸಿಗದ ಸೆಕ್ಟರ್ ಹೊನ್ನಾವರದ ಇನ್ನೊಬ್ಬರ ಡ್ರೈವಿನಲ್ಲಿ ಸಿಕ್ಕರೆ ಎರಡೂ ಸೇರಿ ಪೂರ್ಣ ಪ್ರತಿಯಾಗುತ್ತದೆ. ಮತ್ತೆ ಪ್ರಯತ್ನಿಸಬೇಕೆಂದರೆ -ಆರ್3 ಸೇರಿಸಿ. ಅದಕ್ಕಿಂತ ಹೆಚ್ಚು ಸಲ ಒಂದೇ ಡ್ರೈವಿನಲ್ಲಿ ಉಜ್ಜುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಪಡಿಯಚ್ಚು ಸಿಕ್ಕ ಮೇಲೆ ಫ್ಲಾಪಿಯನ್ನು ಹೊರತೆಗೆದು ಎತ್ತಿಡಿ. ಈಗ ಪಡಿಯಚ್ಚನ್ನೇ ಮೌಂಟ್ ಮಾಡಿ:

ಸುಡೊ ಮೌಂಟ್ -ಓ ಲೂಪ್,ಆರ್‌ಓ ಡಿಸ್ಕ್1.ಐಎಂಜಿ /ಎಂಎನ್‌ಟಿ

ಮೌಂಟ್ ಇಲ್ಲದೆಯೂ ಕಡತ ಹೊರತೆಗೆಯಬಹುದು. ಎಂಟೂಲ್ಸ್ ಪ್ಯಾಕೇಜಿನ ಎಂಡಿಐಆರ್ ಆಜ್ಞೆ ಪಟ್ಟಿ ತೋರಿಸುತ್ತದೆ, ಎಂಕಾಪಿ ನಕಲಿಸುತ್ತದೆ. ಎರಡಕ್ಕೂ -ಐ ಎಂದು ಬರೆದು ಪಡಿಯಚ್ಚಿನ ಹೆಸರು ಕೊಡಬೇಕು.

ಐದೂಕಾಲು ಇಂಚಿನ ಡಿಸ್ಕಿಗೆ ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಡ್ರೈವ್ ಉಪಯೋಗವಿಲ್ಲ. ಅದಕ್ಕೆ ಆ ಅಳತೆಯ ಹಳೆಯ ಡ್ರೈವೇ ಬೇಕು. ಕೀರ್ ಫ್ರೇಸರ್ ರೂಪಿಸಿದ ಗ್ರೀಸ್‌ವೀಸಲ್ ಎಂಬ ಚಿಕ್ಕ ಸರ್ಕ್ಯೂಟ್ ಬೋರ್ಡಿನ ಮೂಲಕ ಅಂಥ ಡ್ರೈವನ್ನು ಇಂದಿನ ಕಂಪ್ಯೂಟರಿನ ಯುಎಸ್‌ಬಿಗೆ ಜೋಡಿಸಬಹುದು. ಅದು ಡಿಸ್ಕಿನ ಕಾಂತೀಯ ಏರಿಳಿತವನ್ನೇ ದಾಖಲಿಸುವುದರಿಂದ ಸಾಮಾನ್ಯ ನಿಯಂತ್ರಕ ಕೈಬಿಟ್ಟ ಡಿಸ್ಕುಗಳಿಂದಲೂ ಎಷ್ಟೋ ಸಲ ಮಾಹಿತಿ ಸಿಗುತ್ತದೆ.

ಪಡಿಯಚ್ಚೂ ತೆರೆಯದಿದ್ದರೆ

ಡಾಸ್, ವಿಂಡೋಸ್‌ನ 1.44 ಎಂಬಿ ಫ್ಲಾಪಿಯ ಒಳಗಿನ ಕ್ರಮ ನಿಶ್ಚಿತ. ಮೊದಲ ಸೆಕ್ಟರ್ ಬೂಟ್ ಸೆಕ್ಟರ್. ಬಳಿಕ ಯಾವ ಕಡತ ಎಲ್ಲೆಲ್ಲಿದೆ ಎಂದು ತೋರಿಸುವ ಫ್ಯಾಟ್ ಕೋಷ್ಟಕದ ಎರಡು ಪ್ರತಿ, ತಲಾ 9 ಸೆಕ್ಟರ್. ಆಮೇಲೆ 14 ಸೆಕ್ಟರಿನ ಮೂಲ ಪಟ್ಟಿ. ಅದಾದ ಮೇಲೆ ಕಡತಗಳು. ಪುಸ್ತಕದ ಪರಿವಿಡಿ ಹರಿದರೂ ಅಧ್ಯಾಯಗಳು ಇರುವಂತೆ, ಮೊದಲ ಸೆಕ್ಟರ್ ಹಾಳಾದರೂ ಬರಹ ಅಲ್ಲೇ ಇರುತ್ತದೆ.

ಬೂಟ್ ಸೆಕ್ಟರ್ ಒಂದೇ ಕೆಟ್ಟಿದ್ದರೆ ಪರಿಹಾರ ಸುಲಭ. ಹೀಗೆ ಫಾರ್ಮ್ಯಾಟ್ ಆದ 1.44 ಎಂಬಿ ಡಿಸ್ಕುಗಳಲ್ಲಿ ಅಳತೆಯ ವಿವರಗಳು ಒಂದೇ ಆಗಿರುವುದರಿಂದ, ಚೆನ್ನಾಗಿರುವ ಇನ್ನೊಂದು ಡಿಸ್ಕಿನ ಪಡಿಯಚ್ಚಿನಿಂದ ಮೊದಲ 512 ಬೈಟನ್ನು ಡಿಡಿ ಆಜ್ಞೆಯಿಂದ ಈ ಪಡಿಯಚ್ಚಿನ ಪ್ರತಿಗೆ ವರ್ಗಾಯಿಸಬಹುದು. ಆಜ್ಞೆಯಲ್ಲಿ ಬಿಎಸ್=512, ಕೌಂಟ್=1, ಕಾನ್ವ್=ನೋಟ್ರಂಕ್ ಎಂಬ ಮೂರೂ ಇರಲೇಬೇಕು. ಕೊನೆಯದನ್ನು ಬಿಟ್ಟರೆ ಪಡಿಯಚ್ಚಿನ ಉಳಿದ ಭಾಗವೆಲ್ಲ ಕತ್ತರಿಸಿಹೋಗುತ್ತದೆ.

ಕೋಷ್ಟಕ ಅಥವಾ ಪಟ್ಟಿ ಕೆಟ್ಟಿದ್ದರೆ ಫೋಟೋರೆಕ್ ಎಂಬ ಸಲಕರಣೆ ಬಳಸಿ. ಅದು ಪಟ್ಟಿಯನ್ನು ನೆಚ್ಚದೆ ಸೆಕ್ಟರ್‌ಗಳಲ್ಲಿ ಕಡತಗಳ ಗುರುತು ಹುಡುಕಿ ಎತ್ತಿಕೊಡುತ್ತದೆ. ಎಫ್‌ಎಸ್‌ಸಿಕೆ.ಫ್ಯಾಟ್ ದುರಸ್ತಿ ಮಾಡಬಲ್ಲದು, ಆದರೆ ಅದನ್ನು ಮೂಲ ಫ್ಲಾಪಿಯ ಮೇಲೆ ಎಂದೂ ಓಡಿಸಬೇಡಿ.

ಎಆರ್‌ಜೆ ಅಥವಾ ಜಿಪ್ ತಂತ್ರಾಂಶದಿಂದ ದೊಡ್ಡ ಪುಸ್ತಕವನ್ನು ಹಲವು ಫ್ಲಾಪಿಗಳಿಗೆ ಹಂಚಿ ಬರೆಯುವುದು ಅಂದಿನ ರೂಢಿ. ಅಂಥ ಡಿಸ್ಕುಗಳು ಒಂದೊಂದಾಗಿ ಅರ್ಥವಾಗವು. ಚೀಟಿಯ ಮೇಲಿನ ಸಂಖ್ಯೆ ನೋಡಿ ಎಲ್ಲದರ ಕಡತಗಳನ್ನೂ ಒಂದೇ ಫೋಲ್ಡರಿಗೆ ತಂದು ಬಿಚ್ಚಬೇಕು.

ಕಡತ ಸಿಕ್ಕಿತು, ಕನ್ನಡ ಕಾಣುತ್ತಿಲ್ಲ

ಕನ್ನಡದ ಫ್ಲಾಪಿಗಳಿಗೆ ಕೊನೆಯ ಅಡ್ಡಿ ಇದು. ಕಡತ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೊಂದಲ ಕಾಣುತ್ತದೆ. ಇದನ್ನು ಡಿಸ್ಕಿನ ದೋಷವೆಂದುಕೊಂಡು ಅಳಿಸಬೇಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಶ್ರೀಲಿಪಿ, ಆಕೃತಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶಗಳೆಲ್ಲ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರಹ ಗೊಂದಲವಾಗಿ ಕಾಣುವುದು ಸಹಜ.

ಯಾವ ತಂತ್ರಾಂಶದಲ್ಲಿ ಬರೆದದ್ದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಲಿಬ್ರೆಆಫೀಸ್‌ನಲ್ಲಿ ಡಾಕ್ ಕಡತ ತೆರೆದು ಫಾಂಟಿನ ಹೆಸರು ನೋಡಿ. ನುಡಿ ಮತ್ತು ಬರಹದ ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸಲು ಅರವಿಂದ ವಿ.ಕೆ. ರೂಪಿಸಿದ ಪರಿವರ್ತಕ ಉಚಿತವಾಗಿ ಸಿಗುತ್ತದೆ. ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಿಗೂ ದಾರಿಯಿದೆ: 2015ರ ಜನವರಿಯಲ್ಲಿ ಬಂದ ಲಿಬ್ರೆಆಫೀಸ್ 4.4ರಿಂದ ಮುಂದಿನ ಆವೃತ್ತಿಗಳು ಅವನ್ನು ತೆರೆಯಬಲ್ಲವು. ಪುಟವಿನ್ಯಾಸ ಪೂರ್ತಿ ಬಾರದಿದ್ದರೂ ಪಠ್ಯ ಎತ್ತಿಕೊಳ್ಳಬಹುದು. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ತಪ್ಪುಗಳು ಹೆಚ್ಚಾಗಿ ಅಲ್ಲೇ ಉಳಿಯುತ್ತವೆ.

ಮುಂದಿನ ಮಳೆಗಾಲದೊಳಗೆ

ಉಳಿಸಿಕೊಂಡ ಪ್ರತಿ ಮೂರು ಕಡೆ ಇರಲಿ: ಮೂಲ ಪಡಿಯಚ್ಚು, ಹೊರತೆಗೆದ ಕಡತಗಳು, ಯೂನಿಕೋಡ್ ಪಠ್ಯ ಮೂರನ್ನೂ ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ ಮತ್ತು ಬೇರೆ ಊರಿನ ನೆಂಟರ ಬಳಿ ಇಡಿ. ಪ್ರತಿ ಪಡಿಯಚ್ಚಿನ ಜೊತೆ ಫ್ಲಾಪಿಯ ಚೀಟಿಯ ಫೋಟೋ ಇರಲಿ, ಯಾರು ಬರೆದದ್ದು, ಯಾವ ಕಾಲದ್ದು ಎಂಬುದಕ್ಕೆ ಎಷ್ಟೋ ವೇಳೆ ಅದೊಂದೇ ಸಾಕ್ಷಿ. ಫ್ಲಾಪಿಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಸ್ಪೀಕರ್ ಮತ್ತು ಅಯಸ್ಕಾಂತಗಳಿಂದ ದೂರವಿಡಿ. ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ ಬರಹವಾದರೆ ಇಂಟರ್‌ನೆಟ್ ಆರ್ಕೈವ್‌ಗೆ, ಕನ್ನಡ ವಿಕಿಸೋರ್ಸ್‌ನ ನಿಯಮಕ್ಕೆ ಹೊಂದಿದರೆ ಅಲ್ಲಿಗೂ ಸೇರಿಸಿ.

ಹಿರೇಗುತ್ತಿಯಿಂದ ಭಟ್ಕಳದವರೆಗಿನ ಶಾಲೆಗಳು, ಗ್ರಂಥಾಲಯಗಳು, ಹಳೆಯ ಡಿಟಿಪಿ ಅಂಗಡಿಯವರು ಒಂದು ಯುಎಸ್‌ಬಿ ಡ್ರೈವನ್ನು ಹಂಚಿಕೊಂಡರೂ ಈ ಕೆಲಸ ನಡೆಯುತ್ತದೆ. ಮನೆ ಸುಣ್ಣಬಣ್ಣ ಮಾಡುವಾಗ ಸಿಗುವ ಫ್ಲಾಪಿಯನ್ನು ಕಸಕ್ಕೆ ಎಸೆಯಬೇಡಿ. ಈ ಬೇಸಿಗೆಯಲ್ಲೇ ಹೊರತೆಗೆದು, ಬೀಗ ಹಾಕಿ, ಪಡಿಯಚ್ಚು ತೆಗೆಯಿರಿ. ಒಂದು ಮಳೆಗಾಲ ತಡವಾದಷ್ಟೂ ಓದಲು ಸಿಗುವ ಸೆಕ್ಟರ್‌ಗಳು ಕಡಿಮೆಯಾಗುತ್ತವೆ.